ಹೆದ್ದಾರಿಯ ಅಂಚಿಗೆ ಹೂ ಬಿತ್ತಿದಾಕೆ

ಕಳೆದ ಶತಮಾನದ ಅರವತ್ತರ ದಶಕದಲ್ಲಿ ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಒಂದು ಹೋರ್ಡಿಂಗ್ ಎದ್ದಿತ್ತು. ‘ಲೇಡಿ ಬರ್ಡ್‌ಗೆ ವಾಗ್ದಂಡನೆ ವಿಧಿಸಿ’ ಎಂಬುದು ಅದರ ಒಕ್ಕಣೆ. ವಾಗ್ದಂಡನೆ ವಿಧಿಸೋಣವೆಂದರೆ ಆಕೆಗೆ ಹುದ್ದೆಯೇ ಇರಲಿಲ್ಲ. ಯಾವ ಚುನಾವಣೆಗೂ ನಿಂತವರಲ್ಲ. ಅಮೆರಿಕದ 36ನೇ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಹೆಂಡತಿ, ಅಷ್ಟೆ. ಹೆದ್ದಾರಿ ಬದಿಯ ಜಾಹೀರಾತು ಫಲಕಗಳನ್ನು ತೆಗೆಸಿಯೇ ಸಿದ್ಧ ಎಂದು ಪಟ್ಟು ಹಿಡಿದದ್ದು ಅವರು ಮಾಡಿದ ಅಪರಾಧ.

ರಾಜಕಾರಣಿಯ ಪತ್ನಿ ಎಂದರೆ ಟೇಪು ಕತ್ತರಿಸುವವರು, ಪರಿಸರ ದಿನದಂದು ಸಸಿ ನೆಟ್ಟು ಫೋಟೊಗೆ ನಿಲ್ಲುವವರು ಎಂಬ ಭಾವನೆ ಎಲ್ಲ ಕಡೆಯೂ ಇದೆ. ಲೇಡಿ ಬರ್ಡ್ ಜಾನ್ಸನ್ ಕೂಡ ಸಲಿಕೆ ಹಿಡಿದು ಕ್ಯಾಮೆರಾ ಎದುರು ನಿಂತವರೇ. ಆದರೆ ಅವರ ಬದುಕಿನ ಲೆಕ್ಕ ತೆಗೆದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಶ್ವೇತಭವನದಲ್ಲಿದ್ದಾಗ ಹಟ ಹಿಡಿದು ಮಾಡಿಸಿದ ಕಾನೂನು ಅರ್ಧಕ್ಕರ್ಧ ಸೋತಿತು. ಆ ಮನೆ ಬಿಟ್ಟು ಬಂದ ಮೇಲೆ ಸ್ವಂತ ದುಡ್ಡು ಸುರಿದು ಮಾಡಿದ ಕೆಲಸ ಬೇರುಬಿಟ್ಟಿತು.

ಕೆರೆಯಂಚಿನ ಹುಡುಗಿ

ಕ್ಲಾಡಿಯಾ ಆಲ್ಟಾ ಟೇಲರ್ ಹುಟ್ಟಿದ್ದು 1912ರ ಡಿಸೆಂಬರ್ 22ರಂದು, ಪೂರ್ವ ಟೆಕ್ಸಾಸ್‌ನ ಕಾರ್ನ್ಯಾಕ್ ಎಂಬ ಸಣ್ಣ ಊರಿನಲ್ಲಿ. ಎತ್ತಿ ಆಡಿಸುತ್ತಿದ್ದ ದಾದಿ ಪ್ರೀತಿಯಿಂದ ಕರೆದ ‘ಲೇಡಿ ಬರ್ಡ್’ ಎಂಬ ಅಡ್ಡಹೆಸರೇ ಕೊನೆತನಕ ಉಳಿಯಿತು. ಮಗುವಿಗೆ ಐದು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಅಪ್ಪ ಅಂಗಡಿ ವ್ಯಾಪಾರದಲ್ಲಿ ಮುಳುಗಿದ್ದವರು. ಅಲಬಾಮಾದಿಂದ ಬಂದ ಚಿಕ್ಕಮ್ಮ ಎಫೀ ಸಾಕಿ ಬೆಳೆಸಿದರು.

ಜೊತೆಗೆ ಆಡುವವರಿಲ್ಲದ ಹುಡುಗಿಗೆ ಹತ್ತಿರದ ಕ್ಯಾಡೊ ಸರೋವರವೇ ಆಟದ ಬಯಲು. ಅಲ್ಲಿ ಸೈಪ್ರೆಸ್ ಮರಗಳು ನೀರಿನೊಳಗೇ ಬೇರೂರಿ ನಿಲ್ಲುತ್ತವೆ. ಕೊಂಬೆಗಳಿಂದ ‘ಸ್ಪ್ಯಾನಿಶ್ ಮಾಸ್’ ಎಂಬ ಸಸ್ಯ ನರೆತ ಜಡೆಯಂತೆ ಇಳಿಬಿದ್ದಿರುತ್ತದೆ. ವಸಂತದಲ್ಲಿ ಮೊದಲ ಡ್ಯಾಫೊಡಿಲ್ ಅರಳಿದ ದಿನ ಹುಡುಗಿ ತಾನೊಬ್ಬಳೇ ಅದಕ್ಕೆ ಪುಟ್ಟದೊಂದು ಸಮಾರಂಭ ಮಾಡುತ್ತಿದ್ದಳಂತೆ.

ಮಾತಿಗೆ ಮಾತ್ರ ಮಹಾ ಸಂಕೋಚ. ಹೈಸ್ಕೂಲಿನಲ್ಲಿ ಮೊದಲೆರಡು ಸ್ಥಾನ ಬಂದರೆ ಬೀಳ್ಕೊಡುಗೆ ದಿನ ಭಾಷಣ ಮಾಡಬೇಕಾದೀತೆಂಬ ಭಯ. ಮೂರನೆಯ ಸ್ಥಾನ ಬಂದಾಗ ನಿಟ್ಟುಸಿರು ಬಿಟ್ಟರು. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಪತ್ರಿಕೋದ್ಯಮದಲ್ಲೂ ಪದವಿ ಪಡೆದರು. ಅದೇ ವರ್ಷ, 1934ರ ನವೆಂಬರ್‌ನಲ್ಲಿ, ಪರಿಚಯವಾಗಿ ಕೆಲವೇ ವಾರಗಳಾಗಿದ್ದ ಲಿಂಡನ್ ಜಾನ್ಸನ್ ಜೊತೆ ಮದುವೆ. ಅವಸರದಲ್ಲಿ ತಂದ ಉಂಗುರದ ಬೆಲೆ ಎರಡೂವರೆ ಡಾಲರ್!

ಗಂಡನ ರಾಜಕೀಯಕ್ಕೆ ಮೊದಲ ಬಂಡವಾಳ ಹೂಡಿದವರೂ ಅವರೇ. 1937ರಲ್ಲಿ ಲಿಂಡನ್ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಸ್ಪರ್ಧಿಸಿದಾಗ ತಾಯಿಯ ಕಡೆಯ ಆಸ್ತಿಯ ಪಾಲಿನಿಂದ 10,000 ಡಾಲರ್ ತೆಗೆಸಿಕೊಟ್ಟರು. 1943ರಲ್ಲಿ ಆಸ್ಟಿನ್ ನಗರದ ನಷ್ಟದಲ್ಲಿದ್ದ ಕೆಟಿಬಿಸಿ ರೇಡಿಯೊ ಕೇಂದ್ರವನ್ನು 17,500 ಡಾಲರ್‌ಗೆ ಕೊಂಡು, ಲೆಕ್ಕಪುಸ್ತಕ ತಾವೇ ನೋಡಿ ಲಾಭಕ್ಕೆ ತಂದರು. ಮುಂದೆ ಅದಕ್ಕೆ ಟಿವಿಯೂ ಸೇರಿ ಕುಟುಂಬ ಸಿರಿವಂತವಾಯಿತು. ಪ್ರಸಾರ ಪರವಾನಗಿ ಕೊಡುವುದು ಸರ್ಕಾರ, ಮನೆಯ ಯಜಮಾನ ಸಂಸದ. ಈ ಐಶ್ವರ್ಯದಲ್ಲಿ ಪ್ರಭಾವದ ಪಾಲೆಷ್ಟು ಎಂಬ ಪ್ರಶ್ನೆ ಜಾನ್ಸನ್ ದಂಪತಿಯನ್ನು ಬಿಡಲಿಲ್ಲ. ಮುಂದೆ ಹೂವಿಗೆ ಹರಿದ ಹಣದ ಮೂಲ ಇದೇ ಎಂಬುದನ್ನು ಮರೆಯುವಂತಿಲ್ಲ.

ಕಾನೂನಿನ ಏಟು, ಎದುರೇಟು

1963ರಲ್ಲಿ ಅಧ್ಯಕ್ಷ ಕೆನಡಿ ಹತ್ಯೆಯಾಗಿ, ಉಪಾಧ್ಯಕ್ಷರಾಗಿದ್ದ ಜಾನ್ಸನ್ ದಿಢೀರನೆ ಅಧ್ಯಕ್ಷರಾದರು. ಮರುವರ್ಷ ಜನಾಂಗ ತಾರತಮ್ಯ ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ದಕ್ಷಿಣದ ಬಿಳಿಯರು ಕುದಿಯುತ್ತಿದ್ದ ಆ ಹೊತ್ತಿನಲ್ಲಿ ಗಂಡನ ಚುನಾವಣಾ ಪ್ರಚಾರಕ್ಕೆ ‘ಲೇಡಿ ಬರ್ಡ್ ಸ್ಪೆಷಲ್’ ಎಂಬ ರೈಲು ಹೊರಟಿತು. ಭಾಷಣವೆಂದರೆ ಬೆವರುತ್ತಿದ್ದ ಹೆಂಗಸು ಎಂಟು ರಾಜ್ಯ ದಾಟಿ, ಕೂಗಾಟ, ಧಿಕ್ಕಾರಗಳ ನಡುವೆ ನಾಲ್ಕು ದಿನಗಳಲ್ಲಿ 47 ಭಾಷಣ ಮಾಡಿದರು.

ಗಂಡ ಚುನಾವಣೆ ಗೆದ್ದ ಮೇಲೆ ಅವರು ಕೈಹಾಕಿದ್ದು ರಾಜಧಾನಿಯ ಅಂದಕ್ಕೆ. 1965ರಲ್ಲಿ ಅವರು ಕಟ್ಟಿದ ಸಮಿತಿಯಲ್ಲಿ ಉದಾರ ದಾನಿ ಮೇರಿ ಲಾಸ್ಕರ್ ಇದ್ದರು, ಬಡವರ ವಸತಿಯ ಕೆಲಸ ಬಲ್ಲ ಕರಿಯ ಮುಖಂಡ ವಾಲ್ಟರ್ ವಾಷಿಂಗ್ಟನ್ ಇದ್ದರು. ಒಬ್ಬರಿಗೆ ಪ್ರವಾಸಿಗರು ನೋಡುವ ಜಾಗಗಳಲ್ಲಿ ಹೂವು ತುಂಬುವ ಆಸೆ, ಇನ್ನೊಬ್ಬರಿಗೆ ಹಿಂದುಳಿದ ಬಡಾವಣೆಗಳ ಶಾಲೆ, ಆಟದ ಮೈದಾನ ನೆಟ್ಟಗಾಗಬೇಕೆಂಬ ಆಸೆ. ಲೇಡಿ ಬರ್ಡ್ ಇಬ್ಬರನ್ನೂ ಬಿಟ್ಟುಕೊಡಲಿಲ್ಲ. ಅದೇ ವರ್ಷ ಜಪಾನ್ ಕೊಟ್ಟ 3,800 ಚೆರ್ರಿ ಗಿಡಗಳೂ ರಾಜಧಾನಿಗೆ ಬಂದವು.

ದೊಡ್ಡ ಕಾಳಗ ನಡೆದದ್ದು ಹೆದ್ದಾರಿ ಮಸೂದೆಗೆ. ಹೆದ್ದಾರಿಗಳ ಅಂಚಿನ ಹೋರ್ಡಿಂಗ್ ತೆಗೆಯಬೇಕು, ಗುಜರಿ ರಾಶಿಗಳನ್ನು ಮರೆಮಾಡಬೇಕು ಎನ್ನುವುದು ಅದರ ತಿರುಳು. ಸಂಸದರಿಗೆ ಅವರೇ ಫೋನು ಮಾಡಿ ಒತ್ತಾಯಿಸಿದರು. ಅಧ್ಯಕ್ಷರ ಪತ್ನಿ ಹೀಗೆ ಬಹಿರಂಗವಾಗಿ ಮಸೂದೆಯೊಂದರ ಬೆನ್ನಿಗೆ ನಿಂತದ್ದು ಅಪರೂಪ. ಕಾಯ್ದೆಯಲ್ಲಿ ‘ವಾಣಿಜ್ಯ ಸಚಿವರು’ ಎಂದಿರುವಲ್ಲೆಲ್ಲ ‘ಲೇಡಿ ಬರ್ಡ್’ ಎಂದು ತಿದ್ದೋಣ ಎಂದು ಸಂಸದ ಬಾಬ್ ಡೋಲ್ ಕುಚೋದ್ಯದ ತಿದ್ದುಪಡಿ ತಂದರು. 1965ರ ಅಕ್ಟೋಬರ್ 22ರಂದು ಸಹಿಯೇನೋ ಬಿತ್ತು. ಆದರೆ ವಾಣಿಜ್ಯ, ಕೈಗಾರಿಕಾ ಪ್ರದೇಶಗಳಿಗೆ ವಿನಾಯಿತಿ ಸಿಕ್ಕಿತು. ಫಲಕ ತೆಗೆಸಿದರೆ ಮಾಲೀಕರಿಗೆ ಪರಿಹಾರ ಕೊಡಬೇಕೆಂದಾಯಿತು. ಪರಿಹಾರದ ಹಣಕ್ಕೆ ಕಾಂಗ್ರೆಸ್ ಕೈ ಬಿಗಿಹಿಡಿಯಿತು. ಉದ್ಯಮ ರಂಗೋಲಿ ಕೆಳಗೆ ತೂರಿಕೊಂಡಿತು.

ಇನ್ನೊಂದು ವಿಪರ್ಯಾಸವೂ ಇದೆ. ಹೆಂಡತಿ ವಾಷಿಂಗ್ಟನ್ನಿನಲ್ಲಿ ಹೂಗಿಡ ನೆಡುತ್ತಿದ್ದ ವರ್ಷಗಳಲ್ಲೇ ಗಂಡನ ಸರ್ಕಾರದ ವಿಮಾನಗಳು ವಿಯೆಟ್ನಾಂ ಕಾಡುಗಳ ಮೇಲೆ ಏಜೆಂಟ್ ಆರೆಂಜ್ ಎಂಬ ಎಲೆ ಉದುರಿಸುವ ವಿಷ ಸುರಿಯುತ್ತಿದ್ದವು. ಮತ್ತೊಂದೆಡೆ, ವನ್ಯಪ್ರದೇಶಗಳ ರಕ್ಷಣೆಗೆ 1964ರಲ್ಲಿ, ಮುಕ್ತವಾಗಿ ಹರಿಯುವ ನದಿಗಳ ರಕ್ಷಣೆಗೆ 1968ರಲ್ಲಿ ಕಾಯ್ದೆ ತಂದದ್ದೂ ಅದೇ ಸರ್ಕಾರ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ರಾಷ್ಟ್ರೀಯ ಉದ್ಯಾನವನ್ನು 1968ರ ನವೆಂಬರ್‌ನಲ್ಲಿ ನಾಡಿಗೆ ಅರ್ಪಿಸಿದವರು ಲೇಡಿ ಬರ್ಡ್. ಹೊಗಳುವವರಿಗೂ ತೆಗಳುವವರಿಗೂ ಇಲ್ಲಿ ಸಾಕಷ್ಟು ಸರಕಿದೆ.

ಸ್ವಂತ ಜಮೀನು, ಸ್ವಂತ ಚೆಕ್

1969ರ ಜನವರಿಯಲ್ಲಿ ದಂಪತಿ ಟೆಕ್ಸಾಸ್‌ಗೆ ಮರಳಿದರು. ನಾಲ್ಕು ವರ್ಷದಲ್ಲಿ ಲಿಂಡನ್ ತೀರಿಕೊಂಡರು. ವಿಧವೆಯಾದ ಲೇಡಿ ಬರ್ಡ್ ಮುಂದೆ 34 ವರ್ಷ ಬದುಕಿದರು. ಅವರ ನಿಜವಾದ ಕೆಲಸ ನಡೆದದ್ದು ಈ ಕಾಲದಲ್ಲೇ.

ಆಸ್ಟಿನ್ ಮಧ್ಯೆ ಕೊಲರಾಡೊ ನದಿಗೆ ಒಡ್ಡು ಕಟ್ಟಿ ಮಾಡಿದ ಟೌನ್ ಲೇಕ್ ಎಂಬ ಕೆರೆಯಿತ್ತು. ದಂಡೆಯ ತುಂಬ ಕಳೆ, ಕಸ. 1971ರಿಂದ ನಗರದ ಮೇಯರ್ ರಾಯ್ ಬಟ್ಲರ್ ದಂಪತಿಯ ಜೊತೆ ಸೇರಿ ಅಲ್ಲಿ ಮರ ನೆಡಿಸಿ, ನಡಿಗೆ ಹಾದಿ ಮಾಡಿಸಲು ದೇಣಿಗೆ ಕೂಡಿಸಿದರು. ಕೆರೆಗೆ ನಿಮ್ಮದೇ ಹೆಸರಿಡುತ್ತೇವೆ ಎಂದಾಗ ಬೇಡವೆಂದರು. ಅವರು ತೀರಿಕೊಂಡ 2007ರ ಜುಲೈ ತಿಂಗಳಲ್ಲೇ ನಗರಸಭೆ ಅದನ್ನು ‘ಲೇಡಿ ಬರ್ಡ್ ಲೇಕ್’ ಮಾಡಿತು.

1982ರ ಡಿಸೆಂಬರ್ 22, ಅವರ ಎಪ್ಪತ್ತನೆಯ ಹುಟ್ಟುಹಬ್ಬ. ಅಂದು 60 ಎಕರೆ ಜಮೀನು, 1,25,000 ಡಾಲರ್ ಕೊಟ್ಟು, ನಟಿ ಹೆಲೆನ್ ಹೇಯ್ಸ್ ಜೊತೆಗೂಡಿ ಕಾಡುಹೂಗಳ ರಾಷ್ಟ್ರೀಯ ಸಂಶೋಧನಾ ಕೇಂದ್ರ ಆರಂಭಿಸಿದರು. ಆಯಾ ನೆಲದ ಗಿಡ ಆಯಾ ನೆಲದ ಮಳೆಗೆ ಒಗ್ಗಿರುತ್ತದೆ, ನೀರು, ಗೊಬ್ಬರ ಕಡಿಮೆ ಬೇಡುತ್ತದೆ, ಅಲ್ಲಿನ ಜೇನಿಗೆ, ಚಿಟ್ಟೆಗೆ ಅದೇ ಊಟ ಎಂಬುದು ಕೇಂದ್ರದ ಮೂಲಪಾಠ. ಆದರೆ ಯಾವ ಬೀಜ ಯಾವಾಗ ಬಿತ್ತಬೇಕು, ಹೇಗೆ ಮೊಳೆಯಿಸಬೇಕು ಎಂಬ ತಿಳಿವಳಿಕೆ ಒಂದೆಡೆ ಸಿಗುತ್ತಿರಲಿಲ್ಲ. ಅದನ್ನು ಕಲೆಹಾಕಲೆಂದೇ ಈ ಸಂಸ್ಥೆ. 1995ರಲ್ಲಿ ಆಸ್ಟಿನ್ನಿನ ನೈಋತ್ಯಕ್ಕೆ ಅದು ಸ್ಥಳಾಂತರವಾದಾಗ ಛಾವಣಿಯ ಮಳೆನೀರನ್ನೆಲ್ಲ ತೊಟ್ಟಿಗಳಿಗೆ ಹರಿಸುವಂತೆ ಕಟ್ಟಡ ಕಟ್ಟಿದರು. 2006ರಲ್ಲಿ ಕೇಂದ್ರ ಟೆಕ್ಸಾಸ್ ವಿಶ್ವವಿದ್ಯಾಲಯದ ಭಾಗವಾಯಿತು. ದೇಸಿ ಸಸ್ಯಗಳ ಅದರ ಮಾಹಿತಿಕೋಶವನ್ನು ಈಗ ಯಾರು ಬೇಕಾದರೂ ಜಾಲತಾಣದಲ್ಲಿ ನೋಡಬಹುದು.

ಕೊಯ್ಯುವವನ ಕೈಯಲ್ಲಿ

ಟೆಕ್ಸಾಸ್‌ನ ರಾಜ್ಯಪುಷ್ಪ ಬ್ಲೂಬಾನೆಟ್. ನಮ್ಮ ಅಲಸಂದೆ, ಹುರುಳಿಗಳ ಕುಟುಂಬದ್ದು. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಟ್ಟು ಬಡ ಮಣ್ಣಿನಲ್ಲೂ ಬೆಳೆಯುತ್ತದೆ. ನೀಲಿ ಎಸಳಿನ ನಡುವೆ ಬಿಳಿ ಬೊಟ್ಟು. ಹೂವು ಹಳತಾಗುತ್ತಿದ್ದಂತೆ ಬೊಟ್ಟು ಕೆಂಪಡರುತ್ತದೆ. ಇಲ್ಲಿ ಪರಾಗ ಮುಗಿಯಿತೆಂದು ತಿಳಿದ ದುಂಬಿ ಪಕ್ಕದ ಹೂವಿಗೆ ಹೋಗುತ್ತದೆ. ಬೀಜದ ಸಿಪ್ಪೆ ಗಟ್ಟಿ. ಒಂದೇ ಮಳೆಗೆ ಎಲ್ಲವೂ ಮೊಳೆಯುವುದಿಲ್ಲ, ಒಂದಿಷ್ಟು ಮುಂದಿನ ವರ್ಷಗಳಿಗೆ ಉಳಿಯುತ್ತವೆ. ಆದರೆ ಕಾಯಿ ಬಲಿತು ಸಿಡಿಯುವ ಮೊದಲೇ ಯಂತ್ರ ಹಾಯಿಸಿದರೆ ಮುಂದಿನ ವಸಂತದ ಬಿತ್ತನೆಗೇ ಕತ್ತರಿ.

ಟೆಕ್ಸಾಸ್ ಹೆದ್ದಾರಿ ಇಲಾಖೆಗೆ ಇದು 1930ರ ದಶಕದಲ್ಲೇ ಗೊತ್ತಿತ್ತು. ಹೂ ಮುಗಿಯುವತನಕ ಹುಲ್ಲು ಕೊಯ್ಯಬಾರದೆಂಬ ರೂಢಿ ಅಂದೇ ಶುರುವಾಗಿತ್ತು. ಟೆಕ್ಸಾಸ್‌ನ ರಸ್ತೆಹೂಗಳೆಲ್ಲ ಲೇಡಿ ಬರ್ಡ್ ಬಿತ್ತಿದವು ಎನ್ನುವುದು ಅಭಿಮಾನದ ಉತ್ಪ್ರೇಕ್ಷೆ. ಅವರು ಮಾಡಿದ್ದು ಇನ್ನೊಂದು: ರಸ್ತೆ ನಿರ್ವಹಣೆಯ ಸಿಬ್ಬಂದಿಗೆ ಪ್ರತಿವರ್ಷ ಪ್ರಶಸ್ತಿ ಇಟ್ಟು, ಗೆದ್ದವರಿಗೆ ತಮ್ಮ ಸ್ವಂತ ಖಾತೆಯ ಚೆಕ್ ಕೈಯಾರೆ ಕೊಟ್ಟರು. ಸುಮಾರು ಇಪ್ಪತ್ತು ವರ್ಷ ಇದು ನಡೆಯಿತು. ದೂಳು, ಡಾಂಬರಿನ ನಡುವೆ ದುಡಿಯುವ ಮೇಸ್ತ್ರಿಗೆ ಮಾಜಿ ಅಧ್ಯಕ್ಷರ ಪತ್ನಿ ಹೆಸರಿಟ್ಟು ಕರೆದು ಬಹುಮಾನ ಕೊಟ್ಟರೆ ಅವನು ಯಂತ್ರ ಹತ್ತುವ ಮುನ್ನ ಗಿಡ ನೋಡದಿರುತ್ತಾನೆಯೇ? 1987ರಲ್ಲಿ, ಫೆಡರಲ್ ನೆರವಿನ ಹೆದ್ದಾರಿಗಳಲ್ಲಿ ಗಿಡ ಬೆಳೆಸುವ ಹಣದ ಕಾಲು ಶೇಕಡಾ ಪಾಲಾದರೂ ದೇಸಿ ಕಾಡುಹೂಗಳಿಗೆ ಹೋಗಬೇಕೆಂಬ ನಿಯಮ ಬಂತು. ಈ ಸಲ ಯಾವ ಹೋರ್ಡಿಂಗೂ ಏಳಲಿಲ್ಲ.

ಅವರ ಪಾಠಕ್ಕೆ ನಮ್ಮ ಮಣ್ಣಿನಲ್ಲೂ ಸಾಕ್ಷಿ ಇದೆ. ಮನೆಯಂಗಳದ ಗೈಲಾರ್ಡಿಯಾ, ಚಳಿಗಾಲದ ಕುಂಡಗಳ ಫ್ಲಾಕ್ಸ್ ಎರಡಕ್ಕೂ ಟೆಕ್ಸಾಸ್ ತವರು. ತೋಟದೊಳಗೆ ಅವು ಸಾಧುಗಳು. ಆದರೆ ಅಮೆರಿಕ ಖಂಡದಿಂದಲೇ ಬಂದ ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ, ಎದುರಿಸುವ ಕೀಟವಿಲ್ಲದೆ ಹೊಲ, ರಸ್ತೆಬದಿ ನುಂಗಿತು. ಅದನ್ನು ತಿನ್ನಲೆಂದು ಮೆಕ್ಸಿಕೊದ ಜೀರುಂಡೆಯನ್ನು ಎಂಬತ್ತರ ದಶಕದಲ್ಲಿ ಬೆಂಗಳೂರಿಗೆ ತರಬೇಕಾಯಿತು. ಊರಿನ ಗಿಡವನ್ನು ಊರಿನಲ್ಲೇ ಉಳಿಸಿಕೊಳ್ಳುವುದು ಅಗ್ಗವೆಂಬ ಮಾತು ನಮಗೂ ಅನ್ವಯಿಸುತ್ತದೆ.

ಲೇಡಿ ಬರ್ಡ್ ಅಧ್ಯಕ್ಷರ ಪತ್ನಿಯಾಗಿದ್ದದ್ದು ಐದು ವರ್ಷ ಎರಡು ತಿಂಗಳು. ಆ ಅವಧಿಯಲ್ಲಿ ಅವರು ಮನವೊಲಿಸಲು ಯತ್ನಿಸಿದ್ದು ಸಂಸದರನ್ನು. ನಂತರದ ದಶಕಗಳಲ್ಲಿ ಮನಗೆದ್ದದ್ದು ಹುಲ್ಲು ಕೊಯ್ಯುವವರನ್ನು, ಬೀಜ ಮಾರುವವರನ್ನು, ತಮ್ಮೂರಿನ ನೆರೆಹೊರೆಯವರನ್ನು. ಅಧಿಕಾರಸ್ಥರ ಮನೆಯ ಹೆಸರು ಒಂದು ಸಮಾರಂಭಕ್ಕೆ ಸಾಲುತ್ತದೆ. ಗಿಡ ಬದುಕಬೇಕಾದರೆ ಅದನ್ನು ದಿನವೂ ನೋಡುವವನಿಗೆ ಸಂಬಳ, ಮರ್ಯಾದೆ ಎರಡೂ ಸಿಗಬೇಕು. ಇಷ್ಟು ಸರಳ ವಿಷಯಕ್ಕೆ ಕೈಯಿಂದ ದುಡ್ಡು ಹಾಕಿದ ರಾಜಕಾರಣಿಯ ಹೆಂಡತಿಯರು ಯಾವ ದೇಶದಲ್ಲೂ ಹೆಚ್ಚು ಮಂದಿ ಇಲ್ಲ.