ಮರ ಕಾಣುವವರು, ಗೆರೆ ಕಾಣುವವರು

15 ಮೀಟರ್ ಉದ್ದದ ನೇರ ದಾರಿ. ಎರಡೂ ತುದಿಯಲ್ಲಿ ಒಂದೊಂದು ಮರ, ನಡುವೆ 5 ಮೀಟರಿಗೊಂದರಂತೆ ಮರ. ಒಟ್ಟು ಎಷ್ಟು? 15ನ್ನು 5ರಿಂದ ಭಾಗಿಸಿ ‘ಮೂರು’ ಎಂದುಬಿಡುವುದು ಸುಲಭ. ಸರಿಯುತ್ತರ ನಾಲ್ಕು.

ಮೇರಿ ಹೆಗಾರ್ಟಿ ಮತ್ತು ಮರಿಯಾ ಕೊಝೆವ್ನಿಕೋವ್ ಐರ್ಲೆಂಡಿನ ಡಬ್ಲಿನ್‌ನಲ್ಲಿ ಆರನೇ ತರಗತಿಯ ಹುಡುಗರಿಗೆ ಇಂಥ ಲೆಕ್ಕಗಳನ್ನು ಕೊಟ್ಟು, ಬಿಡಿಸುವಾಗ ಮನಸ್ಸಿಗೆ ಏನು ಬಂತೆಂದು ವಿಚಾರಿಸಿದರು. ಕೆಲವರಿಗೆ ಗಿಡ ನೆಡುತ್ತ ಸಾಗುವ ಮನುಷ್ಯನೇ ಕಂಡಿದ್ದ. ಇನ್ನು ಕೆಲವರಿಗೆ ಕಂಡದ್ದು ಬರೀ ದಾರಿ, ಅದರ ಮೇಲೆ 5 ಮೀಟರಿಗೊಂದು ಗುರುತು. ಅಂತರ, ಕ್ರಮಗಳನ್ನು ಹೀಗೆ ಗೆರೆಗಿಳಿಸಿದವರು ಲೆಕ್ಕದಲ್ಲಿ ಗೆದ್ದರು. ವಸ್ತುವಿನ ಚೆಂದದಲ್ಲೇ ಉಳಿದವರು ಹಿಂದೆ ಬಿದ್ದರು. 1999ರಲ್ಲಿ ಪ್ರಕಟವಾದ ಈ ಫಲಿತಾಂಶ ನನಗೆ ಬಹಳ ಮುಖ್ಯವೆನಿಸುತ್ತದೆ. ‘ಚಿತ್ರ ಬರೆದು ಲೆಕ್ಕ ಮಾಡು’ ಎಂದಷ್ಟೇ ಹೇಳಿದರೆ ಮಗು ಎಲೆ, ಕೊಂಬೆಗಳಲ್ಲೇ ಮುಳುಗಬಹುದು. ‘ಮೊದಲ ಗುರುತು ಎಲ್ಲಿ? ಅದರಿಂದ ಮುಂದಿನದಕ್ಕೆ ಎಷ್ಟು ದೂರ?’ ಎಂದು ಕೇಳಿದಾಗ ಅದೇ ಕೈ ಗೆರೆ ಎಳೆಯುತ್ತದೆ.

ಯೋಚಿಸುವ ರೀತಿ ಮಕ್ಕಳಲ್ಲಿ ಬೇರೆಬೇರೆ ಎಂಬುದು ಹಳೆಯ ಮಾತೇ. ಸೋವಿಯತ್ ಮನೋವಿಜ್ಞಾನಿ ವಾದಿಮ್ ಕ್ರುಟೆಟ್ಸ್ಕಿ 1968ರ ತಮ್ಮ ಪುಸ್ತಕದಲ್ಲಿ ಗಣಿತದ ಜಾಣ ಮಕ್ಕಳನ್ನು ಮೂರು ಬಗೆಯಾಗಿ ಕಂಡರು: ಮಾತು–ತರ್ಕದ ದಾರಿ ಹಿಡಿಯುವವರು, ಎಲ್ಲವನ್ನೂ ಆಕೃತಿಯಾಗಿ ಕಾಣುವವರು, ಎರಡನ್ನೂ ಬೆರೆಸುವವರು. ಜಾಣರು ಮೂರೂ ಗುಂಪಿನಲ್ಲಿದ್ದರು.

ಹಾಗೆಂದು ‘ಇವನು ಚಿತ್ರದ ಹುಡುಗ, ಇವಳು ಸೂತ್ರದ ಹುಡುಗಿ’ ಎಂದು ಹಣೆಪಟ್ಟಿ ಹಚ್ಚುವುದು ತಪ್ಪು. ಕಲಿಕೆಯ ಶೈಲಿಗೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ತಕ್ಕ ಪುರಾವೆ ಇಲ್ಲವೆಂದು ಹೆರಾಲ್ಡ್ ಪಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದ್ದಾರೆ. ಮಗುವಿಗೆ ಒಗ್ಗಿದ ದಾರಿಯೊಂದನ್ನೇ ತೆರೆದಿಟ್ಟರೆ ಉಳಿದ ದಾರಿಗಳು ಅದಕ್ಕೆ ಮುಚ್ಚಿಹೋಗುತ್ತವೆ.

ಸೂತ್ರ ಪ್ರಿಯವಾದ ಮಗುವನ್ನೇ ನೋಡಿ. ‘ಭಾಗಿಸು, ಒಂದು ಕೂಡಿಸು’ ಎಂದು ಅದು ಬೇಗ ಕಲಿತುಬಿಡುತ್ತದೆ. ಈಗ ಅದೇ 15 ಮೀಟರ್ ದಾರಿಯನ್ನು ಕೆರೆಯ ಸುತ್ತ ಬಳಸಿ ತುದಿಗೆ ತುದಿ ಕೂಡಿಸಿ. ಸೂತ್ರ ಮತ್ತೆ ನಾಲ್ಕು ಎನ್ನುತ್ತದೆ. ಆದರೆ ವೃತ್ತ ಬರೆದು ಗುರುತು ಹಾಕುತ್ತ ಹೋದರೆ ನಾಲ್ಕನೆಯ ಗುರುತು ಮೊದಲನೆಯದರ ಮೇಲೆಯೇ ಬೀಳುತ್ತದೆ. ಇಲ್ಲಿ ಮೂರೇ ಮರ. ಸೂತ್ರದಲ್ಲಿ ಆ ‘ಒಂದು’ ಎಲ್ಲಿಂದ ಬಂತು ಎಂಬುದು ಆಗಲೇ ಮಗುವಿಗೆ ಹೊಳೆಯುವುದು.