ಸೋತವರಿಗೆ ಮೊದಲ ಮಣೆ

ಪಂಕ್ತಿಯಲ್ಲಿ ಮೊದಲ ಮಣೆ ಯಾರಿಗೆ ಸಲ್ಲಬೇಕು? ಗೆದ್ದು ಬಂದವರಿಗೆ ಎಂದು ನೀವು ಥಟ್ಟನೆ ಹೇಳುವಿರಿ. ಆದರೆ ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ದಿನ ಮೊದಲ ಮಣೆ ಎಲ್ಲರಿಗಿಂತ ಹೆಚ್ಚು ಸೋತವರದು. ಗೆದ್ದವರದು ಕೊನೆಯ ಸರದಿ. ಈ ಏರ್ಪಾಡಿಗೆ ಡ್ರಾಫ್ಟ್ ಎಂದು ಹೆಸರು. ಇದೇನು ವಿಪರೀತ ಎನ್ನಬೇಡಿ. ಇದರ ಹಿಂದೆ ಒಂದು ವಿವೇಕವುಂಟು.

ಇದು ನಾವು ಬಲ್ಲ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಅಲ್ಲಿನ ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ 32 ತಂಡಗಳಿವೆ. ಅವುಗಳಲ್ಲಿ ಎರಡು ಪಂಗಡ. ಪಂಗಡಕ್ಕೆ ನಾಲ್ಕು ಗುಂಪು. ಗುಂಪಿಗೆ ನಾಲ್ಕು ತಂಡ. 2021ರಿಂದ ಪ್ರತಿಯೊಂದು ತಂಡವೂ 18 ವಾರಗಳಲ್ಲಿ 17 ಪಂದ್ಯಗಳನ್ನಾಡುತ್ತದೆ. ಎಲ್ಲರೂ ಎಲ್ಲರೊಡನೆ ಆಡಲು ವ್ಯವಧಾನವೆಲ್ಲಿ? ಆದುದರಿಂದ ಒಂದು ಲೆಕ್ಕಾಚಾರ. ತನ್ನ ಗುಂಪಿನ ಮೂವರೊಡನೆ ಎರಡೆರಡು ಸಲ, ಅಂದರೆ 6 ಪಂದ್ಯ. ಸ್ವಪಂಗಡದ ಬೇರೊಂದು ಗುಂಪಿನೊಡನೆ 4. ಎದುರು ಪಂಗಡದ ಒಂದು ಗುಂಪಿನೊಡನೆ 4. ಈ ಗುಂಪುಗಳು ವರ್ಷವರ್ಷವೂ ಸರದಿಯಂತೆ ಬದಲಾಗುತ್ತವೆ. ಉಳಿದ 3 ಪಂದ್ಯಗಳಲ್ಲಿ ಮಾತ್ರ ಹೋದ ವರ್ಷದ ಫಲವನ್ನು ನೋಡುತ್ತಾರೆ. ತನ್ನ ಗುಂಪಿನಲ್ಲಿ ಮೊದಲು ನಿಂತ ತಂಡ ಬೇರೆ ಗುಂಪುಗಳಲ್ಲಿ ಮೊದಲು ನಿಂತವರನ್ನೂ, ಕೊನೆಗೆ ನಿಂತದ್ದು ಕೊನೆಯವರನ್ನೂ ಎದುರಿಸಬೇಕು. ಬಲಿಷ್ಠರ ಹಾದಿ ಅಷ್ಟರಮಟ್ಟಿಗೆ ಕಡಿದಾಯಿತು.

ಇನ್ನು ಡ್ರಾಫ್ಟಿನ ಕಥೆ. ಹಿಂದೆ ಕಾಲೇಜು ಮುಗಿಸಿದ ಒಳ್ಳೆಯ ಆಟಗಾರರು ಹಣ, ಹೆಸರು ಇದ್ದ ತಂಡಗಳನ್ನೇ ಸೇರುತ್ತಿದ್ದರು. ಬಡ ತಂಡ ಸೋಲುತ್ತಿತ್ತು, ಸೋತ ತಂಡಕ್ಕೆ ಪ್ರೇಕ್ಷಕರಿಲ್ಲ, ಪ್ರೇಕ್ಷಕರಿಲ್ಲದೆ ಹಣವಿಲ್ಲ. ಬರ್ಟ್ ಬೆಲ್ ಎಂಬಾತನ ಫಿಲಡೆಲ್ಫಿಯಾ ಈಗಲ್ಸ್ ತಂಡ 1935ರಲ್ಲಿ 11 ಪಂದ್ಯಗಳಲ್ಲಿ 9ನ್ನು ಸೋತಿತು. ಸೋತವರು ಮೊದಲು ಆರಿಸಲಿ ಎಂದು ಆತ ಸೂಚಿಸಿದ, ಉಳ್ಳವರೂ ಒಪ್ಪಿದರು. ಎದುರಾಳಿಯೇ ಇಲ್ಲವಾದರೆ ತಮ್ಮ ಗೆಲುವನ್ನು ನೋಡುವವರು ಯಾರು? 1936ರ ಫೆಬ್ರವರಿ 8ರಂದು ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮೊದಲ ಡ್ರಾಫ್ಟ್ ನಡೆಯಿತು.

ಈಗ ಆಯ್ಕೆ 7 ಸುತ್ತು. ಅಂತಿಮ ಘಟ್ಟಕ್ಕೇರದ 18 ತಂಡಗಳು, ಹೆಚ್ಚು ಸೋತವರು ಮೊದಲೆಂಬ ಕ್ರಮದಲ್ಲಿ ಆರಿಸುತ್ತವೆ. ಇಬ್ಬರ ಸೋಲು ಸಮವಾದರೆ, ಯಾರ ಎದುರಾಳಿಗಳು ದುರ್ಬಲರೋ ಅವರೇ ಮುಂದು. ದುರ್ಬಲರೆದುರೂ ಸೋತವರಿಗೆ ಹೆಚ್ಚು ಆಸರೆ ಬೇಕು ತಾನೆ? ಅಂತಿಮ ಘಟ್ಟದ 14 ತಂಡಗಳು ಅನಂತರ. ಚಾಂಪಿಯನ್ನರದು 32ನೆಯ ಸರದಿ. ಸರದಿಯನ್ನು ಬೇರೊಂದು ತಂಡಕ್ಕೆ ಬಿಟ್ಟುಕೊಟ್ಟು ಪ್ರತಿಯಾಗಿ ಆಟಗಾರರನ್ನು ಪಡೆಯುವುದೂ ಉಂಟು.

ದೋಷಗಳಿಲ್ಲವೆಂದಲ್ಲ. ಬೇಕೆಂದೇ ಸೋಲುವ ಆಸೆ ಹುಟ್ಟೀತೆಂಬ ಶಂಕೆ ಒಂದು. ಅಲ್ಲಿನ ಬ್ಯಾಸ್ಕೆಟ್‌ಬಾಲ್ ಲೀಗಿನವರು ಇದಕ್ಕಾಗಿಯೇ 1985ರಲ್ಲಿ ಚೀಟಿಯೆತ್ತುವ ಕ್ರಮ ತಂದರು. ಎರಡನೆಯದು ಇನ್ನೂ ಗಂಭೀರ: ಆಯ್ಕೆಯಾದ ತರುಣನಿಗೆ ತನ್ನ ಊರು, ತನ್ನ ಒಡೆಯ ಯಾರೆಂದು ಆರಿಸುವ ಸ್ವಾತಂತ್ರ್ಯವಿಲ್ಲ. ತಂಡಗಳ ಸಮತೆಗೆ ಬೆಲೆ ತೆರುವವನು ಆಟಗಾರ.

ಸರದಿ ಕೊಡಬಹುದು, ಕಣ್ಣು ಕೊಡಲಾಗದು. 2000ದಲ್ಲಿ ಟಾಮ್ ಬ್ರೇಡಿ ಆಯ್ಕೆಯಾದದ್ದು 199ನೆಯವನಾಗಿ. ಮುಂದೆ ಏಳು ಸಲ ಚಾಂಪಿಯನ್ ತಂಡದಲ್ಲಿ ನಿಂತವನು ಅವನೇ. ನಾನು ಮೇಷ್ಟ್ರು, ಹಿಂದಿನ ಬೆಂಚಿನ ಹುಡುಗನನ್ನು ಮುಂದೆ ಕೂರಿಸಬಲ್ಲೆ, ಓದುವವನು ಅವನೇ. ಆದರೂ ಮುಂದೆ ಕೂರಿಸುವುದನ್ನು ನಾವು ಬಿಡಬಾರದು.