ಪದೇ ಪದೇ ನಿಲ್ಲುವ ಕಂಪ್ಯೂಟರ್: ಕಾಯಿಲೆ ಎಲ್ಲಿ, ಮದ್ದು ಯಾವುದು?

ಕೆಲಸದ ನಡುವೆ ಕಂಪ್ಯೂಟರಿನ ಪರದೆ ನೀಲಿಯಾಗಿ ಅಥವಾ ಕಪ್ಪಾಗಿ ಎಲ್ಲವೂ ನಿಂತುಬಿಡುವುದನ್ನು ‘ಕ್ರ್ಯಾಶ್’ ಎನ್ನುತ್ತಾರೆ. ಅದು ಒಂದು ಮುನ್ನೆಚ್ಚರಿಕೆಯ ಕ್ರಮ. ತನ್ನ ಒಳಭಾಗದಲ್ಲಿ ಸರಿಪಡಿಸಲಾಗದ ತಪ್ಪು ಕಂಡಾಗ, ಕಡತಗಳು ಮತ್ತಷ್ಟು ಕೆಡದಿರಲೆಂದು ಕಾರ್ಯಾಚರಣಾ ವ್ಯವಸ್ಥೆ ತಾನಾಗಿಯೇ ಕೆಲಸ ನಿಲ್ಲಿಸುತ್ತದೆ. ಹಾಗೆ ನಿಲ್ಲುವಾಗ ಪರದೆಯ ಮೇಲೆ ಒಂದು ದೋಷಸಂಕೇತವನ್ನೂ ತೋರಿಸುತ್ತದೆ. ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಕಾರಣ ಹುಡುಕುವುದು ಸುಲಭ. ಎಂದೋ ಒಮ್ಮೆ ಹೀಗಾದರೆ ಚಿಂತೆಯಿಲ್ಲ. ವಾರದಲ್ಲಿ ನಾಲ್ಕಾರು ಬಾರಿ ಮರುಕಳಿಸಿದರೆ ಅದಕ್ಕೊಂದು ಖಚಿತ ಕಾರಣ ಇದ್ದೇ ಇರುತ್ತದೆ.

ಕಾರಣ ಹುಡುಕುವುದಕ್ಕಿಂತ ಮೊದಲು ಆಗಬೇಕಾದದ್ದು ಕಡತಗಳ ರಕ್ಷಣೆ. ಕೆಟ್ಟ ಬಿಡಿಭಾಗ ಅಂಗಡಿಯಲ್ಲಿ ಸಿಗುತ್ತದೆ, ಅಳಿದುಹೋದ ಫೋಟೊ ಸಿಗುವುದಿಲ್ಲ. ಕಂಪ್ಯೂಟರ್ ಸ್ವಲ್ಪ ಹೊತ್ತಾದರೂ ನಡೆಯುತ್ತಿದ್ದರೆ ಮುಖ್ಯ ಕಡತಗಳನ್ನು ಕೂಡಲೇ ಹೊರಗಿನ ಡಿಸ್ಕಿಗೆ ನಕಲು ಮಾಡಬೇಕು. ಆರಂಭವೇ ಆಗದಿದ್ದರೆ ಪೆನ್‌ಡ್ರೈವಿನಿಂದ ನೇರವಾಗಿ ನಡೆಯುವ ಲಿನಕ್ಸ್ ನೆರವಿಗೆ ಬರುತ್ತದೆ, ಅಥವಾ ಡಿಸ್ಕನ್ನು ಬಿಚ್ಚಿ ಬೇರೊಂದು ಕಂಪ್ಯೂಟರಿಗೆ ಜೋಡಿಸಬಹುದು. ಹಾರ್ಡ್‌ಡಿಸ್ಕಿನಿಂದ ‘ಟಕ್ ಟಕ್’ ಸದ್ದು ಬರುತ್ತಿದ್ದರೆ ಮಾತ್ರ ಅದನ್ನು ಮತ್ತೆ ಮತ್ತೆ ಚಾಲೂ ಮಾಡಬಾರದು. ಒಳಗಿನ ತಟ್ಟೆಗೆ ಗೀರು ಬಿದ್ದರೆ ಮಾಹಿತಿ ಶಾಶ್ವತವಾಗಿ ಹೋಗುತ್ತದೆ. ಕನ್ನಡದ ಬಳಕೆದಾರರು ಇನ್ನೊಂದನ್ನೂ ಮರೆಯಬಾರದು. ಯೂನಿಕೋಡ್ ಬಳಸದೆ ನುಡಿ, ಬರಹ ತಂತ್ರಾಂಶಗಳಲ್ಲಿ ಬೆರಳಚ್ಚಿಸಿದ ಹಳೆಯ ಕಡತಗಳು, ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಆದ್ದರಿಂದ ಫಾಂಟುಗಳನ್ನೂ ಜೊತೆಗೆ ಉಳಿಸಿಕೊಳ್ಳಬೇಕು.

ಕಾರಣಗಳಲ್ಲಿ ಮೊದಲು ನೋಡಬೇಕಾದದ್ದು ವಿದ್ಯುತ್ತು. ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟ್ ಪರ್ಯಾಯ ವಿದ್ಯುತ್ತನ್ನು ಎಸ್‌ಎಂಪಿಎಸ್ ಎಂಬ ಪೆಟ್ಟಿಗೆ 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತಾಗಿ ಬದಲಿಸಿ ಒಳಗಿನ ಭಾಗಗಳಿಗೆ ಹಂಚುತ್ತದೆ. ಹಳ್ಳಿಗಳ ಲೈನಿನಲ್ಲಿ ಪಂಪ್‌ಸೆಟ್ಟುಗಳು ಒಟ್ಟಿಗೆ ಚಾಲೂ ಆದಾಗ ವೋಲ್ಟೇಜ್ ಕುಸಿಯುತ್ತದೆ, ಕರೆಂಟ್ ಹೋಗಿ ಬರುವಾಗ ಒಮ್ಮೆಲೇ ಏರುತ್ತದೆ. ಈ ಏರಿಳಿತ ತಿಂದು ತಿಂದು ಪೆಟ್ಟಿಗೆ ದುರ್ಬಲವಾಗುತ್ತದೆ. ದೋಷಸಂಕೇತ ಕೂಡ ಕಾಣದೆ ಕಂಪ್ಯೂಟರ್ ಥಟ್ಟನೆ ಆರಿದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆಯೇ ಬೀಳಬೇಕು. ಸರಿಯಾದ ಅರ್ಥಿಂಗ್ ಮತ್ತು ಯುಪಿಎಸ್ ಈ ತೊಂದರೆಯನ್ನು ಬಹುಮಟ್ಟಿಗೆ ತಡೆಯುತ್ತವೆ.

ಎರಡನೆಯ ಕಾರಣ ಶಾಖ ಮತ್ತು ದೂಳು. ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದಂಥ ಊರುಗಳಲ್ಲಿ ಇದನ್ನು ಕಡೆಗಣಿಸುವಂತಿಲ್ಲ. ಕಲಬುರಗಿ ಜಿಲ್ಲೆಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ತೊಗರಿ ರಾಶಿಯ ಹೊತ್ತಿನ ಹೊಟ್ಟು, ಎರೆಮಣ್ಣಿನ ಸಣ್ಣ ದೂಳು ಕಿಟಕಿಯಿಂದ ನುಗ್ಗಿ ಕ್ಯಾಬಿನೆಟ್ಟಿನೊಳಗೆ ಸೇರುತ್ತವೆ. ಪ್ರೊಸೆಸರ್ ಮೇಲೆ ಕೂತ ಅಲ್ಯೂಮಿನಿಯಂ ಹೀಟ್‌ಸಿಂಕಿನ ತೆಳು ಪಟ್ಟಿಗಳ ನಡುವೆ ಈ ದೂಳು ಕಂಬಳಿಯಂತೆ ಹೆಪ್ಪುಗಟ್ಟುತ್ತದೆ. ಫ್ಯಾನ್ ತಿರುಗುತ್ತಿದ್ದರೂ ಗಾಳಿ ಪಟ್ಟಿಗಳನ್ನು ಮುಟ್ಟುವುದಿಲ್ಲ. ಪ್ರೊಸೆಸರಿನ ಬಿಸಿ 100 ಡಿಗ್ರಿಯ ಆಸುಪಾಸಿಗೆ ಬಂದಾಗ ಅದು ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದೆ, ಆಮೇಲೂ ಬಿಸಿ ಏರಿದರೆ ಯಂತ್ರವೇ ಆರುತ್ತದೆ. ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು, ಬ್ಲೋವರ್ ಮತ್ತು ಮೃದು ಬ್ರಷ್‌ನಿಂದ ಪಟ್ಟಿಗಳನ್ನು ಸ್ವಚ್ಛ ಮಾಡಬೇಕು. ಒಣಗಿ ಬಿರುಕುಬಿಟ್ಟ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಬೇಕು. ಎಷ್ಟೋ ಕಂಪ್ಯೂಟರುಗಳು ಇಷ್ಟಕ್ಕೇ ಸರಿಹೋಗುತ್ತವೆ.

ಮೂರನೆಯದು ರ್‍ಯಾಮ್. ಕಂಪ್ಯೂಟರಿನ ಈ ತಾತ್ಕಾಲಿಕ ನೆನಪಿನ ಪಟ್ಟಿ ಸ್ಲಾಟಿನಲ್ಲಿ ಸಡಿಲವಾದರೆ, ಅಂಚಿನ ಹೊಂಬಣ್ಣದ ತುದಿಗಳ ಮೇಲೆ ಕಿಲುಬು ಕೂತರೆ, ಪ್ರತಿ ಸಲ ಬೇರೆ ಬೇರೆ ದೋಷಸಂಕೇತ ಕಾಣುತ್ತದೆ. ಕ್ಯಾಬಿನೆಟ್ಟಿನ ಲೋಹದ ಭಾಗ ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಂಡು, ಪಟ್ಟಿಯನ್ನು ತೆಗೆದು, ತುದಿಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿ ಝಾಡಿಸಿ ಮತ್ತೆ ಕೂರಿಸಬೇಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನಡೆಸಿ ನೋಡಿದರೆ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ. ವಿಂಡೋಸ್‌ನಲ್ಲೇ ಇರುವ ಮೆಮೊರಿ ಪರೀಕ್ಷೆಯೂ ಇದನ್ನು ಹೇಳುತ್ತದೆ. ಇದೇ ಹಂತದಲ್ಲಿ ಡಿಸ್ಕಿನ ಆರೋಗ್ಯವನ್ನೂ ಅದು ತಾನೇ ದಾಖಲಿಸುವ ‘ಸ್ಮಾರ್ಟ್’ ವರದಿಯಿಂದ ನೋಡಬೇಕು. ಕೆಟ್ಟ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ಬದಲಿಸುವುದೊಂದೇ ದಾರಿ.

ಯಂತ್ರಭಾಗಗಳೆಲ್ಲ ಸರಿಯಿದ್ದರೆ ದೋಷ ತಂತ್ರಾಂಶದ್ದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಕೆಲಸ ಅಸ್ತವ್ಯಸ್ತವಾಯಿತು. ಕಂಪ್ಯೂಟರನ್ನು ‘ಸೇಫ್ ಮೋಡ್’ನಲ್ಲಿ ತೆರೆದು, ಕೆಟ್ಟ ಒಂದು ಕಡತವನ್ನು ಅಳಿಸುವುದೇ ಅದಕ್ಕೆ ಪರಿಹಾರವಾಗಿತ್ತು. ಮನೆಯ ಕಂಪ್ಯೂಟರಿಗೂ ಇದೇ ದಾರಿ. ಬಿಡಿಭಾಗಗಳನ್ನು ನಡೆಸುವ ತೀರ ಅಗತ್ಯವಾದ ಡ್ರೈವರುಗಳಷ್ಟೇ ನಡೆಯುವ ಸೇಫ್ ಮೋಡಿನಲ್ಲಿ ಕ್ರ್ಯಾಶ್ ನಿಂತರೆ, ಈಚೆಗೆ ಸೇರಿಸಿದ ಡ್ರೈವರನ್ನೋ ತಂತ್ರಾಂಶವನ್ನೋ ತೆಗೆಯಬೇಕು. ‘ಸಿಸ್ಟಮ್ ರಿಸ್ಟೋರ್’ ಮೂಲಕ ಹಿಂದಿನ ಸ್ಥಿತಿಗೆ ಮರಳಬಹುದು. ಕೆಟ್ಟ ವಿಂಡೋಸ್ ಕಡತಗಳನ್ನು ಎಸ್‌ಎಫ್‌ಸಿ ಆದೇಶ ಹುಡುಕಿ ಸರಿಪಡಿಸುತ್ತದೆ.

ಇದ್ಯಾವುದೂ ಫಲಿಸದಿದ್ದಾಗ ಮಾತ್ರ ಫಾರ್ಮ್ಯಾಟ್ ಹೊಡೆದು ವಿಂಡೋಸನ್ನು ಹೊಸದಾಗಿ ಹಾಕಬೇಕು. ಕಂಪ್ಯೂಟರ್ ನಿಂತ ಕೂಡಲೇ ಫಾರ್ಮ್ಯಾಟಿಗೆ ಕೊಡುವ ರೂಢಿ ಎಲ್ಲೆಡೆ ಇದೆ. ಆದರೆ ಕಾರಣ ದೂಳೋ ರ್‍ಯಾಮೋ ಆಗಿದ್ದರೆ ಹೊಸ ವಿಂಡೋಸ್ ಕೂಡ ಮರುದಿನವೇ ನಿಲ್ಲುತ್ತದೆ, ಮನೆಯವರ ಕಡತಗಳು ಮಾತ್ರ ಸುಮ್ಮನೆ ಅಳಿದುಹೋಗಿರುತ್ತವೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲ ನೋಡಿ, ಆಮೇಲೆ ಮುಂದಿನದಕ್ಕೆ ಕೈಹಾಕುವುದು ಸರಿಯಾದ ಕ್ರಮ. ವರ್ಷಕ್ಕೆರಡು ಬಾರಿ ದೂಳು ತೆಗೆಯಿರಿ, ಮುಖ್ಯ ಕಡತಗಳ ಒಂದು ನಕಲನ್ನು ಯಾವಾಗಲೂ ಬೇರೆ ಡಿಸ್ಕಿನಲ್ಲಿಡಿ.